ಹೋಸ್ಟಿಂಗ್ ಕೈಕೊಡುವ ಮೊದಲೇ ಡೇಟಾಬೇಸನ್ನು ಕೈವಶ ಮಾಡಿಕೊಳ್ಳುವುದು ಹೇಗೆ?

"ಬೆಳಿಗ್ಗೆ ಸೈಟ್ ತೆರೆಯುತ್ತದೆ, ಮಧ್ಯಾಹ್ನ ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲ ಎನ್ನುತ್ತದೆ. ಹೋಸ್ಟಿಂಗ್‌ನವರಿಗೆ ಬರೆದರೆ ಉತ್ತರವಿಲ್ಲ. ಇಷ್ಟು ವರ್ಷ ಬರೆದದ್ದನ್ನೆಲ್ಲ ಹೇಗೆ ಉಳಿಸಿಕೊಳ್ಳಲಿ?" ಬೇರೆ ಬೇರೆ ಮಾತುಗಳಲ್ಲಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಹೆಚ್ಚಿನವರು ಆಗಲೇ ಹೊಸ ಹೋಸ್ಟಿಂಗ್, ಅಂದರೆ ಸೈಟನ್ನು ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳುವ ಹೊಸ ಕಂಪನಿ, ಹುಡುಕಲು ಶುರು ಮಾಡಿರುತ್ತಾರೆ. ಬ್ಯಾಕಪ್ ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡಿರುತ್ತಾರೆ. ಇದು ತಿರುಗುಮುರುಗಾದ ಕ್ರಮ. ನಿಮ್ಮ ಸರ್ವರ್ ಈಗ ತೆರೆದಿದ್ದರೆ ನೇರವಾಗಿ 1ನೇ ಹಂತಕ್ಕೆ ಹೋಗಿ. ಮಿಕ್ಕಿದ್ದನ್ನು ಕಡತ ಡೌನ್‌ಲೋಡ್ ಆಗುತ್ತಿರುವಾಗ ಓದಬಹುದು.

"ಅವರೇ ದಿನವೂ ಬ್ಯಾಕಪ್ ತೆಗೆಯುತ್ತಾರಲ್ಲ" ಎನ್ನುವವರಿಗೆ ಒಂದು ಮಾತು. ಆ ಬ್ಯಾಕಪ್ ಅನೇಕ ಸಲ ಅದೇ ಯಂತ್ರದಲ್ಲೋ ಅದೇ ಆವರಣದಲ್ಲೋ ಇರುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಸುಟ್ಟುಹೋದಾಗ ಕೆಲವು ಗ್ರಾಹಕರ ಸೈಟಿನ ಜೊತೆಗೆ ಅದರ ಬ್ಯಾಕಪ್ ಕೂಡ ಹೋಯಿತು. ಅದು ದೊಡ್ಡ ಕಂಪನಿ, ದೊಡ್ಡ ಅವಘಡ. ಸಣ್ಣ ಹೋಸ್ಟಿಂಗ್‌ಗಳ ವಿಷಯದಲ್ಲಿ ಬೆಂಕಿಯೇ ಬೀಳಬೇಕೆಂದಿಲ್ಲ. ಒಂದು ಹಾರ್ಡ್ ಡಿಸ್ಕ್ ಕೆಟ್ಟರೂ ಸಾಕು, ಮಾಲೀಕರು ಫೋನ್ ಎತ್ತುವುದನ್ನು ನಿಲ್ಲಿಸಿದರೂ ಸಾಕು. ಒಪ್ಪಂದದ ಷರತ್ತುಗಳನ್ನು ಓದಿ ನೋಡಿ. ದತ್ತಾಂಶದ ಹೊಣೆ ಗ್ರಾಹಕನದೇ ಎಂಬ ಸಾಲು ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

ಏನು, ಯಾವುದು

ಒಂದು ಜಾಲತಾಣದಲ್ಲಿ ಎರಡು ಭಾಗಗಳಿರುತ್ತವೆ. ಚಿತ್ರಗಳು, ವಿನ್ಯಾಸ, ಪ್ರೋಗ್ರಾಮಿನ ಕಡತಗಳು ಒಂದು ಭಾಗ. ಬರಹಗಳು, ಪ್ರತಿಕ್ರಿಯೆಗಳು, ಸದಸ್ಯರ ಪಟ್ಟಿ, ಆರ್ಡರುಗಳು, ಸೆಟ್ಟಿಂಗ್‌ಗಳು ಇರುವ ಡೇಟಾಬೇಸ್ ಇನ್ನೊಂದು ಭಾಗ. ಸಾಮಾನ್ಯ ಹೋಸ್ಟಿಂಗ್‌ಗಳಲ್ಲಿ ಇದು ಮೈಎಸ್‌ಕ್ಯೂಎಲ್ ಆಗಿರುತ್ತದೆ, ಇಲ್ಲವೇ ಅದರಿಂದ 2009ರಲ್ಲಿ ಕವಲೊಡೆದ ಮರಿಯಾಡಿಬಿ ಆಗಿರುತ್ತದೆ. ಈ ಲೇಖನ ಇವೆರಡಕ್ಕೂ ಸಲ್ಲುತ್ತದೆ.

"ಡಂಪ್" ಎಂದರೆ ಡೇಟಾಬೇಸನ್ನು ಮೊದಲಿನಿಂದ ಮತ್ತೆ ಕಟ್ಟಲು ಬೇಕಾದ ಆಜ್ಞೆಗಳೆಲ್ಲ ಸಾಲಾಗಿ ಬರೆದಿರುವ ಪಠ್ಯ ಕಡತ. ನಮಗೆ ಬೇಕಾದದ್ದು ಅದೇ. ಅದನ್ನು ಪಡೆಯಲು ಹೋಸ್ಟಿಂಗ್‌ನ ಕಂಟ್ರೋಲ್ ಪ್ಯಾನೆಲ್‌ನ (ಖಾತೆಯನ್ನು ಬ್ರೌಸರಿನಿಂದ ನಿರ್ವಹಿಸುವ ಪುಟದ) ಲಾಗಿನ್, ಡೇಟಾಬೇಸಿನ ಹೆಸರು ಮತ್ತು ಪಾಸ್‌ವರ್ಡ್, ಕಡತಗಳನ್ನು ಇಳಿಸಿಕೊಳ್ಳಲು ಫೈಲ್‌ಜಿಲ್ಲಾ ಅಥವಾ ವಿನ್‌ಎಸ್‌ಸಿಪಿಯಂಥ ತಂತ್ರಾಂಶ, ಮತ್ತು ನಿಮ್ಮದೇ ಕಂಪ್ಯೂಟರಿನಲ್ಲಿ ಸಾಕಷ್ಟು ಜಾಗ ಬೇಕು. ಡೇಟಾಬೇಸಿನ ಹೆಸರು ಮತ್ತು ಪಾಸ್‌ವರ್ಡ್ ಮರೆತಿದ್ದರೆ ಗಾಬರಿ ಬೇಡ. ಬ್ಲಾಗು, ಸೈಟುಗಳನ್ನು ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶದಲ್ಲಾದರೆ ಡಬ್ಲ್ಯುಪಿ-ಕಾನ್ಫಿಗ್ ಎಂಬ ಕಡತದಲ್ಲಿ ಅವು ಬಿಡಿಬಿಡಿಯಾಗಿ ಬರೆದಿರುತ್ತವೆ.

ಪ್ರತಿ ಕೈಗೆ ಸಿಗುವವರೆಗೆ ಹೋಸ್ಟಿಂಗ್‌ನವರೊಂದಿಗೆ ಜಗಳ ಬೇಡ. ಬಿಟ್ಟು ಹೋಗುತ್ತೇನೆಂದು ಬೆದರಿಸಬೇಡಿ, ಬಾಕಿ ಬಿಲ್ಲನ್ನು ಹಟಕ್ಕೆ ತಡೆಹಿಡಿಯಬೇಡಿ. ಅವರು ಸೇಡಿಗೆ ಏನೋ ಮಾಡಿಯಾರು ಎಂಬ ಭಯದಿಂದ ಹೇಳುತ್ತಿಲ್ಲ. ಬಿಲ್ ಪಾವತಿಯಾಗದಿದ್ದರೆ ಖಾತೆಯನ್ನು ಅಮಾನತು ಮಾಡುವುದು ತಂತ್ರಾಂಶ. ಅದಕ್ಕೆ ನಿಮ್ಮ ನ್ಯಾಯ ಅರ್ಥವಾಗುವುದಿಲ್ಲ. ಖಾತೆ ಅಮಾನತಾದರೆ ಕಂಟ್ರೋಲ್ ಪ್ಯಾನೆಲ್ ಕೂಡ ಮುಚ್ಚುತ್ತದೆ.

ಹಂತ 1: ಮೊದಲು ಕಚ್ಚಾ ಪ್ರತಿ

ಅಚ್ಚುಕಟ್ಟಾದ ಬ್ಯಾಕಪ್ ತೆಗೆಯಲು ಕೂತು ಸರ್ವರ್ ಮತ್ತೆ ಮಲಗಿಬಿಟ್ಟರೆ ಏನೂ ಸಿಗುವುದಿಲ್ಲ. ಆದ್ದರಿಂದ ಮೊದಲು ಕಚ್ಚಾ ಪ್ರತಿ, ಆಮೇಲೆ ಪಕ್ಕಾ ಪ್ರತಿ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪಿಎಚ್‌ಪಿಮೈಅಡ್ಮಿನ್ ತೆರೆಯಿರಿ. ಇದು ಬ್ರೌಸರಿನಲ್ಲೇ ಡೇಟಾಬೇಸನ್ನು ನೋಡಲು, ತಿದ್ದಲು ಇರುವ ಸಾಧನ. ಎಡಗಡೆಯ ಪಟ್ಟಿಯಲ್ಲಿ ಡೇಟಾಬೇಸಿನ ಹೆಸರಿನ ಮೇಲೆ ಒತ್ತಿ. ಅದರೊಳಗಿನ ಟೇಬಲ್ (ಒಂದೊಂದು ಬಗೆಯ ಮಾಹಿತಿ ಇರುವ ಕೋಷ್ಟಕ) ಮೇಲೆ ಒತ್ತಿದರೆ ಆ ಒಂದು ಟೇಬಲ್ ಮಾತ್ರ ಕೈಗೆ ಬರುತ್ತದೆ. ಬಹಳ ಜನ ಎಡವುವುದು ಇಲ್ಲಿಯೇ. ಮೇಲಿನ ಸಾಲಿನಲ್ಲಿ "ಎಕ್ಸ್‌ಪೋರ್ಟ್", ಅದರಲ್ಲಿ "ಕ್ವಿಕ್", ನಮೂನೆ "ಎಸ್‌ಕ್ಯೂಎಲ್" ಆರಿಸಿ ಇಳಿಸಿಕೊಳ್ಳಿ. ಸಿಎಸ್‌ವಿ ಅಥವಾ ಪಿಡಿಎಫ್ ನಮೂನೆ ಬೇಡ. ಅವುಗಳಲ್ಲಿ ಟೇಬಲ್‌ಗಳ ರಚನೆ ಉಳಿಯುವುದಿಲ್ಲ.

ಸಿಪ್ಯಾನೆಲ್ ಎಂಬ ಕಂಟ್ರೋಲ್ ಪ್ಯಾನೆಲ್ ಇದ್ದವರಿಗೆ ಇನ್ನೂ ಚಿಕ್ಕ ದಾರಿಯಿದೆ. "ಬ್ಯಾಕಪ್" ವಿಭಾಗದಲ್ಲಿ ಡೇಟಾಬೇಸಿನ ಹೆಸರಿನ ಮೇಲೆ ಒತ್ತಿದರೆ ಕುಗ್ಗಿಸಿದ ಡಂಪ್ ನೇರವಾಗಿ ಇಳಿಯುತ್ತದೆ. ಅಲ್ಲೇ ಪಕ್ಕದಲ್ಲಿ "ಫುಲ್ ಬ್ಯಾಕಪ್" ಎಂಬುದೂ ಇರುತ್ತದೆ. ಹೆಸರು ಕೇಳಲು ಚೆನ್ನಾಗಿದೆ, ಆದರೆ ಅದನ್ನೇ ನಂಬಿ ಕೂರಬೇಡಿ. ಆ ಕಡತವನ್ನು ಬಳಕೆದಾರನು ತನ್ನ ಸಿಪ್ಯಾನೆಲ್‌ನಿಂದ ಮರಳಿ ಹಾಕಲಾಗುವುದಿಲ್ಲ, ಹೋಸ್ಟಿಂಗ್‌ನವರೇ ಹಾಕಬೇಕು. ಉತ್ತರವನ್ನೇ ಕೊಡದವರ ಕೈಯಲ್ಲಿ ಮತ್ತೆ ಬೀಗದ ಕೈ ಕೊಟ್ಟಂತಾಗುತ್ತದೆ. ಸಿಕ್ಕರೆ ಅದನ್ನೂ ಇಟ್ಟುಕೊಳ್ಳಿ. ಅದರ ಜೊತೆಗೆ ಡೇಟಾಬೇಸ್ ಡಂಪ್ ಬೇರೆಯಾಗಿ ಇರಲೇಬೇಕು.

ಡೇಟಾಬೇಸ್ ದೊಡ್ಡದಾಗಿದ್ದರೆ ಪಿಎಚ್‌ಪಿಮೈಅಡ್ಮಿನ್ ಅರ್ಧದಲ್ಲೇ ನಿಲ್ಲಬಹುದು. ಒಂದು ಕೆಲಸಕ್ಕೆ ಸರ್ವರ್ ಕೊಡುವ ಸಮಯ ಮುಗಿದಿರುತ್ತದೆ. ವಿಚಿತ್ರವೆಂದರೆ ಬ್ರೌಸರ್ ಮಾತ್ರ "ಡೌನ್‌ಲೋಡ್ ಪೂರ್ಣ" ಎಂದೇ ತೋರಿಸಬಹುದು. ಹೀಗಾದರೆ "ಕಸ್ಟಮ್" ಆಯ್ಕೆಯಲ್ಲಿ ನಾಲ್ಕಾರು ಟೇಬಲ್‌ಗಳನ್ನು ಮಾತ್ರ ಗುರುತಿಸಿ, ಕಂತುಕಂತಾಗಿ ಇಳಿಸಿಕೊಳ್ಳಿ. ವರ್ಡ್‌ಪ್ರೆಸ್‌ನಲ್ಲಿ ಪೋಸ್ಟ್ಸ್, ಪೋಸ್ಟ್‌ಮೆಟಾ, ಕಾಮೆಂಟ್ಸ್, ಯೂಸರ್ಸ್, ಆಪ್ಷನ್ಸ್ ಮೊದಲು. ವರ್ಗೀಕರಣಕ್ಕೆ ಸೇರಿದ ಟೇಬಲ್‌ಗಳು ನಂತರ. ಭೇಟಿಗಳ ಲೆಕ್ಕ, ಕ್ಯಾಶ್ (ವೇಗಕ್ಕಾಗಿ ತಾತ್ಕಾಲಿಕವಾಗಿ ಉಳಿಸಿಟ್ಟ ಪ್ರತಿಗಳು), ಲಾಗ್‌ಗಳ (ಆಗುಹೋಗುಗಳ ದಾಖಲೆ) ಟೇಬಲ್‌ಗಳು ಕೊನೆಗೆ. ಎಷ್ಟೋ ಸಲ ಡೇಟಾಬೇಸನ್ನು ಊದಿಸಿರುವುದೇ ಇವು, ಹೋದರೂ ಅಳುವವರಿಲ್ಲ.

ಪ್ಯಾನೆಲ್ ತೆರೆಯುವುದೇ ಇಲ್ಲ, ಆದರೆ ಸೈಟ್ ತೆರೆಯುತ್ತದೆ ಎನ್ನುವವರಿಗೂ ದಾರಿಗಳಿವೆ. ವರ್ಡ್‌ಪ್ರೆಸ್ ಆಡಳಿತ ಪುಟದ "ಟೂಲ್ಸ್" ಅಡಿಯ "ಎಕ್ಸ್‌ಪೋರ್ಟ್" ಒಂದು ಎಕ್ಸ್‌ಎಂಎಲ್ ಕಡತ ಕೊಡುತ್ತದೆ. ಬರಹಗಳು, ಪುಟಗಳು, ಪ್ರತಿಕ್ರಿಯೆಗಳು ಅದರಲ್ಲಿರುತ್ತವೆ. ಚಿತ್ರಗಳ ವಿಳಾಸ ಮಾತ್ರ ಇರುತ್ತದೆ, ಚಿತ್ರಗಳು ಇರುವುದಿಲ್ಲ. ಎಫ್‌ಟಿಪಿ (ಕಡತಗಳನ್ನು ಏರಿಸುವ, ಇಳಿಸುವ ದಾರಿ) ಮೂಲಕ ಕಡತಗಳನ್ನು ಮುಟ್ಟಲು ಆಗುತ್ತಿದ್ದರೆ ಅಡ್ಮಿನರ್ ಎಂಬ ಒಂದೇ ಕಡತದ ಪ್ರೋಗ್ರಾಮನ್ನು ಸೈಟಿಗೆ ಏರಿಸಿ, ಅದರಿಂದ ಡಂಪ್ ತೆಗೆಯಬಹುದು. ಕೆಲಸ ಮುಗಿದ ತಕ್ಷಣ ಅದನ್ನು ಅಳಿಸಿ; ಬಿಟ್ಟು ಹೋದರೆ ಅದು ದಾರಿಹೋಕರಿಗೂ ತೆರೆದ ಬಾಗಿಲು. ಡೇಟಾಬೇಸ್ ಸರ್ವರೇ ಸತ್ತು ಕಡತಗಳು ಮಾತ್ರ ಸಿಗುತ್ತಿದ್ದರೆ ಬ್ಯಾಕಪ್ ಪ್ಲಗಿನ್‌ಗಳ ಹಳೆಯ ಫೋಲ್ಡರ್ ಹುಡುಕಿ. ಅದೂ ಇಲ್ಲದಿದ್ದರೆ ಕ್ಯಾಶ್ ಫೋಲ್ಡರಿನಲ್ಲಿ ಪುಟಗಳ ಸಿದ್ಧ ಪ್ರತಿಗಳು ಉಳಿದಿರಬಹುದು.

ಹಂತ 2: ಕಡತಗಳು ಮತ್ತು ಕೀಲಿಗಳು

ಡೇಟಾಬೇಸ್ ಸಿಕ್ಕ ಮೇಲೆ ಕಾನ್ಫಿಗ್ ಕಡತ, ನಂತರ ಚಿತ್ರಗಳಿರುವ ಅಪ್‌ಲೋಡ್ಸ್ ಫೋಲ್ಡರ್, ನಂತರ ನೀವೇ ಕೈಯಾಡಿಸಿದ ಥೀಮ್. ಎಲ್ಲರಿಗೂ ಸಿಗುವ ಥೀಮ್, ಪ್ಲಗಿನ್‌ಗಳನ್ನು ಮತ್ತೆ ಇಳಿಸಿಕೊಳ್ಳಬಹುದು. ಅವುಗಳಿಗಾಗಿ ಅಮೂಲ್ಯ ನಿಮಿಷಗಳನ್ನು ಕಳೆಯಬೇಡಿ. ಚುಕ್ಕಿಯಿಂದ ಆರಂಭವಾಗುವ ಎಚ್‌ಟಿಆಕ್ಸೆಸ್‌ನಂಥ ಕಡತಗಳು ಮರೆಯಾಗಿರುತ್ತವೆ, ಮರೆಯಾದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಹಾಕಿಕೊಳ್ಳಿ.

ಡಿಎನ್‌ಎಸ್ ದಾಖಲೆಗಳ ಚಿತ್ರ ತೆಗೆದಿಟ್ಟುಕೊಳ್ಳಿ. ನಿಮ್ಮ ಹೆಸರಿನ ವಿಳಾಸ ಯಾವ ಸರ್ವರಿಗೆ ಹೋಗಬೇಕು, ಇಮೇಲ್ ಎಲ್ಲಿಗೆ ತಲುಪಬೇಕು ಎಂಬ ಸೂಚನೆಗಳಿವು. ಇಮೇಲ್ ಕೂಡ ಅದೇ ಹೋಸ್ಟಿಂಗ್‌ನಲ್ಲಿದ್ದರೆ ಆ ಪತ್ರಗಳನ್ನೂ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಇದು ಎಲ್ಲರಿಗೂ ನೆನಪಾಗುವುದು ಕಳೆದುಕೊಂಡ ಮೇಲೆಯೇ.

ಹಂತ 3: ಈಗ ಪಕ್ಕಾ ಪ್ರತಿ

ಹೋಸ್ಟಿಂಗ್‌ನಲ್ಲಿ ಎಸ್‌ಎಸ್‌ಎಚ್, ಅಂದರೆ ದೂರದ ಯಂತ್ರಕ್ಕೆ ಆಜ್ಞೆಗಳನ್ನು ಬರೆದು ಕಳಿಸುವ ಸುರಕ್ಷಿತ ದಾರಿ, ಇದ್ದರೆ ಮೈಎಸ್‌ಕ್ಯೂಎಲ್‌ಡಂಪ್ ಎಂಬ ಸಾಧನವನ್ನೇ ಬಳಸಿ. ಮರಿಯಾಡಿಬಿಯ ಹೊಸ ಆವೃತ್ತಿಗಳಲ್ಲಿ ಇದರ ಹೆಸರು ಮರಿಯಾಡಿಬಿ-ಡಂಪ್. ಬ್ರೌಸರಿನ ಸಮಯಮಿತಿ ಇದಕ್ಕೆ ಇಲ್ಲ. ಇದರ ಕೆಲವು ಆಯ್ಕೆಗಳನ್ನು ತಿಳಿದಿರಲೇಬೇಕು.

"ಸಿಂಗಲ್ ಟ್ರಾನ್ಸಾಕ್ಷನ್" ಮೊದಲನೆಯದು. ಡಂಪ್ ತೆಗೆಯುವ ಹತ್ತು ನಿಮಿಷಗಳಲ್ಲಿ ಯಾರೋ ಆರ್ಡರ್ ಮಾಡುತ್ತಾರೆ, ಯಾರೋ ಪ್ರತಿಕ್ರಿಯೆ ಬರೆಯುತ್ತಾರೆ. ಈ ಆಯ್ಕೆ ಇಲ್ಲದಿದ್ದರೆ ಟೇಬಲ್‌ಗಳಿಗೆ ಬೀಗ ಬಿದ್ದು, ಆ ಹೊತ್ತಿನಲ್ಲಿ ಏನನ್ನಾದರೂ ಬರೆಯಲು ಹೋದ ಓದುಗರು ಕಾಯುತ್ತಾ ಕೂರಬೇಕಾಗುತ್ತದೆ. ಇದ್ದರೆ ಬೀಗವಿಲ್ಲದೆಯೇ, ಡಂಪ್ ಆರಂಭವಾದ ಕ್ಷಣದಲ್ಲಿ ಡೇಟಾಬೇಸ್ ಹೇಗಿತ್ತೋ ಹಾಗೆಯೇ ಪೂರ್ತಿ ಪ್ರತಿ ಸಿಗುತ್ತದೆ. ಇದು ಇನ್ನೋಡಿಬಿ ಬಗೆಯ ಟೇಬಲ್‌ಗಳಿಗೆ ಮಾತ್ರ ಅನ್ವಯ. ಹಳೆಯ ಸೈಟುಗಳ ಮೈಐಸ್ಯಾಮ್ ಟೇಬಲ್‌ಗಳಿಗೆ ಈ ಭರವಸೆ ಇಲ್ಲ. ಅಂಥ ಸೈಟನ್ನು ಕೆಲವು ನಿಮಿಷ ನಿರ್ವಹಣೆಯ ಸ್ಥಿತಿಗೆ ಒಯ್ದು ಡಂಪ್ ತೆಗೆಯುವುದು ಒಳ್ಳೆಯದು.

"ರೂಟೀನ್ಸ್" ಮತ್ತು "ಇವೆಂಟ್ಸ್" ತಾವಾಗಿಯೇ ಸೇರುವುದಿಲ್ಲ. ಡೇಟಾಬೇಸಿನೊಳಗೇ ಬರೆದಿಟ್ಟ ಪುಟ್ಟ ಪ್ರೋಗ್ರಾಮುಗಳು ಮತ್ತು ವೇಳಾಪಟ್ಟಿಯ ಕೆಲಸಗಳಿವು. ಸಾಮಾನ್ಯ ಬ್ಲಾಗಿನಲ್ಲಿ ಇವು ಇರುವುದಿಲ್ಲ, ಆದರೆ ಯಾರಿಂದಲಾದರೂ ಬರೆಸಿಕೊಂಡ ತಂತ್ರಾಂಶವಾದರೆ ಈ ಆಯ್ಕೆಗಳನ್ನು ಸೇರಿಸಿ. "ಪ್ರೋಸೆಸ್" ಅನುಮತಿ ಇಲ್ಲವೆಂಬ ದೂರು ಬಂದರೆ "ನೋ ಟೇಬಲ್‌ಸ್ಪೇಸಸ್" ಆಯ್ಕೆ ಸೇರಿಸಿದರೆ ಸಾಕು. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಇದು ತೀರಾ ಸಾಮಾನ್ಯ.

ಇನ್ನು ಅಕ್ಷರಗಳ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕನ್ನಡದಲ್ಲಿ ಬರೆಯುವವರಿಗೆ ಪೆಟ್ಟು ಬೀಳುವುದು ಇಲ್ಲಿ. ಅಕ್ಷರಸಂಕೇತವನ್ನು, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿಯನ್ನು, ಯುಟಿಎಫ್8ಎಂಬಿ4 ಎಂದು ಸ್ಪಷ್ಟವಾಗಿ ಹೇಳಿ. ಮೈಎಸ್‌ಕ್ಯೂಎಲ್‌ನಲ್ಲಿ ಮೊದಲಿನಿಂದ ಯುಟಿಎಫ್8 ಎಂದು ಕರೆಯಲಾಗುತ್ತಿದ್ದ ಸಂಕೇತದಲ್ಲಿ ಒಂದು ಅಕ್ಷರಕ್ಕೆ ಹೆಚ್ಚೆಂದರೆ 3 ಬೈಟ್ ಜಾಗ. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಸಾಕು, ಆದ್ದರಿಂದ ಕನ್ನಡ ಸರಿಯಾಗಿಯೇ ಕಾಣುತ್ತದೆ. ಆದರೆ ಎಮೋಜಿಗೆ 4 ಬೈಟ್ ಬೇಕು, ಅದು ಹಾಳಾಗುತ್ತದೆ. ಬರೀ ಕನ್ನಡ ಸಾಲೊಂದನ್ನು ನೋಡಿ "ಎಲ್ಲ ಸರಿಯಿದೆ" ಎಂದು ತೀರ್ಮಾನಿಸಬೇಡಿ.

ಹಳೆಯ ಸೈಟುಗಳಲ್ಲಿ ಇನ್ನೊಂದು ತೊಡಕಿದೆ. ಟೇಬಲ್‌ನ ಹಣೆಪಟ್ಟಿ ಲ್ಯಾಟಿನ್1 (ರೋಮನ್ ಲಿಪಿಯ ಹಳೆಯ ಸಂಕೇತ) ಎಂದಿರುತ್ತದೆ, ಒಳಗೆ ಮಾತ್ರ ಕನ್ನಡದ ಬೈಟುಗಳೇ ಇರುತ್ತವೆ. ಯುಟಿಎಫ್8ಎಂಬಿ4 ಎಂದು ಡಂಪ್ ತೆಗೆದಾಗ ಕನ್ನಡದ ಜಾಗದಲ್ಲಿ ತಲೆಯ ಮೇಲೆ ಗೀಟು ಹೊತ್ತ ರೋಮನ್ ಎ ಅಕ್ಷರ ಪದೇ ಪದೇ ಕಾಣಿಸುತ್ತದೆ. ನೋಡಲು ಭಯಾನಕ, ಆದರೆ ಸಾಮಾನ್ಯವಾಗಿ ಏನೂ ಕಳೆದುಹೋಗಿರುವುದಿಲ್ಲ. ಲ್ಯಾಟಿನ್1 ಎಂದೇ ಹೇಳಿ, "ಸ್ಕಿಪ್ ಸೆಟ್ ಕ್ಯಾರ್‌ಸೆಟ್" ಆಯ್ಕೆಯೊಂದಿಗೆ ಮತ್ತೆ ಡಂಪ್ ತೆಗೆದರೆ ಬೈಟುಗಳು ಬದಲಾಗದೆ ಬರುತ್ತವೆ. ಆಮೇಲೆ ಆ ಕಡತದಲ್ಲಿ ಟೇಬಲ್‌ಗಳ ಹಣೆಪಟ್ಟಿಯನ್ನು ಯುಟಿಎಫ್8ಎಂಬಿ4 ಎಂದು ತಿದ್ದಬೇಕು. ನಿಜವಾಗಿ ಹೆದರಬೇಕಾದದ್ದು ಕನ್ನಡದ ಜಾಗದಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಬಂದಾಗ. ಆ ಡಂಪಿನಲ್ಲಿ ಅಕ್ಷರಗಳು ಹೋಗಿಯೇ ಹೋಗಿವೆ, ಮೂಲದಿಂದ ಮತ್ತೊಮ್ಮೆ ತೆಗೆಯದೆ ಬೇರೆ ದಾರಿಯಿಲ್ಲ. ಸರ್ವರ್ ಇನ್ನೂ ಬದುಕಿರುವಾಗಲೇ ಡಂಪನ್ನು ತೆರೆದು ನೋಡಬೇಕು ಎನ್ನುವುದು ಇದಕ್ಕೇ.

ಪಾಸ್‌ವರ್ಡನ್ನು ಆಜ್ಞೆಯ ಸಾಲಿನಲ್ಲೇ ಬರೆಯಬೇಡಿ. ಅದೇ ಯಂತ್ರದಲ್ಲಿರುವ ಬೇರೆಯವರಿಗೆ ಅದು ಕಾಣಿಸುವ ಸಾಧ್ಯತೆಯಿದೆ, ನಿಮ್ಮ ಆಜ್ಞೆಗಳ ಇತಿಹಾಸದಲ್ಲೂ ಉಳಿಯುತ್ತದೆ. ನಿಮ್ಮ ಹೋಮ್ ಫೋಲ್ಡರಿನ ಡಾಟ್-ಮೈ-ಡಾಟ್-ಸಿಎನ್‌ಎಫ್ ಕಡತದಲ್ಲಿ ಬರೆದು, ಆ ಕಡತಕ್ಕೆ 600 ಅನುಮತಿ ಕೊಡಿ. ಆಗ ಅದನ್ನು ನೀವು ಮಾತ್ರ ಓದಬಹುದು. ಡಂಪ್ ಕಡತವನ್ನು ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರಿನಲ್ಲಿ ಇಡುವುದಂತೂ ಕೂಡದು. ಆ ಫೋಲ್ಡರ್ ಇಡೀ ಜಗತ್ತಿಗೆ ಕಾಣುತ್ತದೆ. "ಬ್ಯಾಕಪ್" ಎಂಬ ಹೆಸರಿನ ಕಡತಗಳನ್ನು ಹುಡುಕುವುದನ್ನೇ ಕಾಯಕ ಮಾಡಿಕೊಂಡ ರೋಬಾಟುಗಳಿವೆ.

ಹಂತ 4: ತೆರೆದು ನೋಡಿ

ಡಂಪ್ ಕಡತದ ಕೊನೆಯ ಸಾಲಿಗೆ ಹೋಗಿ. ಮೈಎಸ್‌ಕ್ಯೂಎಲ್‌ಡಂಪ್ ತೆಗೆದ ಪೂರ್ಣ ಕಡತದ ಕೊನೆಯಲ್ಲಿ "ಡಂಪ್ ಕಂಪ್ಲೀಟೆಡ್" ಎಂದು ದಿನಾಂಕದೊಂದಿಗೆ ಇರುತ್ತದೆ. ಇಲ್ಲದಿದ್ದರೆ ಮಧ್ಯದಲ್ಲಿ ತುಂಡಾಗಿದೆ ಎಂದೇ ತಿಳಿಯಿರಿ. ಪಿಎಚ್‌ಪಿಮೈಅಡ್ಮಿನ್‌ನ ಕಡತದಲ್ಲಿ ಈ ಸಾಲು ಇರುವುದಿಲ್ಲ. ಅಲ್ಲಿ ಕೊನೆಯ ಆಜ್ಞೆ ಅರ್ಧಕ್ಕೆ ನಿಂತಿದೆಯೇ, ವರ್ಣಮಾಲೆಯ ಕ್ರಮದಲ್ಲಿ ಕೊನೆಗೆ ಬರಬೇಕಾದ ಟೇಬಲ್ ಇದೆಯೇ ಎಂದು ನೋಡಬೇಕು. ಕಡತ ತುಂಬ ದೊಡ್ಡದಾಗಿದ್ದರೆ ಸಾಮಾನ್ಯ ನೋಟ್‌ಪ್ಯಾಡ್ ಒದ್ದಾಡುತ್ತದೆ, ಕೊನೆಯ ಕೆಲವು ಸಾಲುಗಳನ್ನಷ್ಟೇ ತೋರಿಸುವ "ಟೇಲ್" ಆಜ್ಞೆ ಬಳಸಿ.

ಹಂತ 5: ಬೇರೆ ಕಡೆ ಜೀವ ತುಂಬಿ

ಕಡತ ಸರಿಯಾಗಿ ಕಾಣುವುದು ಬೇರೆ, ಅದರಿಂದ ಸೈಟ್ ಎದ್ದು ನಿಲ್ಲುವುದು ಬೇರೆ. ನಿಮ್ಮ ಕಂಪ್ಯೂಟರಿನಲ್ಲಿ ಎಕ್ಸ್ಯಾಂಪ್ (ಸ್ವಂತ ಕಂಪ್ಯೂಟರಿನಲ್ಲೇ ಸರ್ವರ್ ಓಡಿಸುವ ತಂತ್ರಾಂಶ) ಹಾಕಿಕೊಂಡು ಖಾಲಿ ಡೇಟಾಬೇಸೊಂದನ್ನು ಸೃಷ್ಟಿಸಿ, ಡಂಪನ್ನು ಅದಕ್ಕೆ ಸುರಿಯಿರಿ. ದೊಡ್ಡ ಕಡತವನ್ನು ಪಿಎಚ್‌ಪಿಮೈಅಡ್ಮಿನ್ ಮೂಲಕ ಏರಿಸಲು ಹೋಗಬೇಡಿ. ಅದನ್ನು ಬರೆದಿರುವ ಪಿಎಚ್‌ಪಿ ಭಾಷೆಯಲ್ಲಿ ಏರಿಸುವ ಕಡತಕ್ಕೆ ಮೂಲ ಮಿತಿ 2 ಎಂಬಿ ಮಾತ್ರ; ಹೆಚ್ಚಿಸಬಹುದು ನಿಜ, ಆದರೆ ಆಜ್ಞೆಯ ಸಾಲಿನಿಂದ ಸುರಿಯುವುದೇ ಸುಲಭ.

ಇಲ್ಲಿ ಬರುವ ದೋಷಗಳು ಹೆಚ್ಚು ಕಡಿಮೆ ಇಷ್ಟೇ:

- 1273, ಅಂದರೆ ಗೊತ್ತಿಲ್ಲದ ಕೊಲೇಶನ್. ಕೊಲೇಶನ್ ಎಂದರೆ ಅಕ್ಷರಗಳನ್ನು ಹೋಲಿಸುವ, ಅನುಕ್ರಮವಾಗಿ ಜೋಡಿಸುವ ನಿಯಮ. ಮೈಎಸ್‌ಕ್ಯೂಎಲ್ 8ರ ಡಂಪನ್ನು ಹಳೆಯ ಮರಿಯಾಡಿಬಿಗೆ ಹಾಕಿದಾಗ ಹೆಸರಿನಲ್ಲಿ 0900 ಇರುವ ನಿಯಮ ಅದಕ್ಕೆ ಅರ್ಥವಾಗುವುದಿಲ್ಲ. ಡಂಪಿನ ಇನ್ನೊಂದು ಪ್ರತಿ ಮಾಡಿಕೊಂಡು, ಅದರಲ್ಲಿ ಆ ಹೆಸರನ್ನು ಯುನಿಕೋಡ್ ಸಿಐ ಎಂದು ಕೊನೆಗೊಳ್ಳುವ ಯುಟಿಎಫ್8ಎಂಬಿ4 ಕೊಲೇಶನ್‌ಗೆ ಬದಲಾಯಿಸಿ.
- 1227, ಅನುಮತಿಯ ಕೊರತೆ. ವ್ಯೂ (ಉಳಿಸಿಟ್ಟ ಸಿದ್ಧ ನೋಟ) ಅಥವಾ ಟ್ರಿಗರ್‌ಗಳ (ತಾವಾಗಿಯೇ ಓಡುವ ಆಜ್ಞೆಗಳು) ಜೊತೆ "ಡಿಫೈನರ್" ಎಂದು ಹಳೆಯ ಸರ್ವರಿನ ಬಳಕೆದಾರನ ಹೆಸರು ಅಂಟಿಕೊಂಡಿರುತ್ತದೆ. ಆ ಭಾಗವನ್ನು ತೆಗೆದುಹಾಕಬೇಕು.
- ಮೊದಲ ಸಾಲಿನಲ್ಲೇ ದೋಷ. 2024ರ ಮಧ್ಯಭಾಗದಿಂದೀಚಿನ ಮರಿಯಾಡಿಬಿ ಡಂಪುಗಳ ಆರಂಭದಲ್ಲಿ "ಸ್ಯಾಂಡ್‌ಬಾಕ್ಸ್ ಮೋಡ್" ಎಂಬ ಸಾಲಿರುತ್ತದೆ. ಮೈಎಸ್‌ಕ್ಯೂಎಲ್‌ಗೆ ಅದು ತಿಳಿಯದು. ಆ ಒಂದು ಸಾಲನ್ನು ಅಳಿಸಿದರೆ ಮುಗಿಯಿತು.

ಸುರಿದ ಮೇಲೆ ಎಣಿಸಿ. ಪಿಎಚ್‌ಪಿಮೈಅಡ್ಮಿನ್ ಟೇಬಲ್‌ಗಳ ಎದುರು ತೋರಿಸುವ ಸಂಖ್ಯೆ ಇನ್ನೋಡಿಬಿಯಲ್ಲಿ ಬರೀ ಅಂದಾಜು, ಅಂಕಿಗಿಂತ ಮೊದಲು ಅಲೆಯಂಥ ಗುರುತೂ ಇರುತ್ತದೆ. ಅದನ್ನು ಹೋಲಿಸಿ ತಲೆಕೆಡಿಸಿಕೊಂಡವರು ಬಹಳ. "ಕೌಂಟ್" ಆಜ್ಞೆಯಿಂದ ಹಳೆಯ ಮತ್ತು ಹೊಸ ಕಡೆಗಳಲ್ಲಿ ಬರಹಗಳನ್ನು ಎಣಿಸಿ ಹೋಲಿಸಿ. ಆಮೇಲೆ ತೀರಾ ಹಳೆಯ ಒಂದು ಬರಹ, ನಿನ್ನೆಯ ಒಂದು ಬರಹ, ಎಮೋಜಿ ಇರುವ ಒಂದು ಪ್ರತಿಕ್ರಿಯೆ, ಇವಿಷ್ಟನ್ನು ಕಣ್ಣಾರೆ ನೋಡಿ.

ಸೈಟಿನ ವಿಳಾಸ ಬದಲಾಗುವುದಿದ್ದರೆ ಡಂಪ್ ಕಡತದಲ್ಲಿ ಹಳೆಯ ವಿಳಾಸ ಹುಡುಕಿ ಹೊಸದನ್ನು ಹಾಕುವ ಆಸೆಗೆ ಬೀಳಬೇಡಿ. ವರ್ಡ್‌ಪ್ರೆಸ್ ಎಷ್ಟೋ ಸೆಟ್ಟಿಂಗ್‌ಗಳನ್ನು ಪದದ ಉದ್ದದ ಸಮೇತ ಬರೆದಿಡುತ್ತದೆ. ಪದ ಬದಲಾಗಿ ಉದ್ದ ಹಾಗೇ ಉಳಿದರೆ ಆ ಸೆಟ್ಟಿಂಗ್ ಸದ್ದಿಲ್ಲದೆ ಮಾಯವಾಗುತ್ತದೆ. ಡಬ್ಲ್ಯುಪಿ-ಸಿಎಲ್‌ಐ ಸಾಧನದ "ಸರ್ಚ್-ರಿಪ್ಲೇಸ್" ಈ ಲೆಕ್ಕವನ್ನೂ ಸರಿಪಡಿಸುತ್ತದೆ.

ಹಂತ 6: ಎಲ್ಲಿಡಬೇಕು?

ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಸ್ಥಳದಲ್ಲಿ ಎಂಬ 3-2-1 ನಿಯಮ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರಿಂದ ಪ್ರಸಿದ್ಧವಾದದ್ದು. ಮೂಲ, ನಿಮ್ಮ ಕಂಪ್ಯೂಟರ್, ಮತ್ತು ಒಂದು ಕ್ಲೌಡ್ ಖಾತೆ ಅಥವಾ ಬೇರೆಡೆ ಇಟ್ಟ ಹಾರ್ಡ್ ಡಿಸ್ಕ್, ಇಷ್ಟಾದರೆ ಸಾಕು. ಡಂಪಿನಲ್ಲಿ ಸದಸ್ಯರ ಇಮೇಲ್ ವಿಳಾಸಗಳಿರುತ್ತವೆ, ಹಾಗಾಗಿ ಕ್ಲೌಡಿಗೆ ಕಳಿಸುವ ಮೊದಲು 7-ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ ಗೂಢಲಿಪಿಗೆ ತಿರುಗಿಸಿ. ಆ ಪಾಸ್‌ವರ್ಡನ್ನು ಅದೇ ಕ್ಲೌಡಿನಲ್ಲಿ ಬರೆದಿಡಬೇಡಿ.

ಹಂತ 7: ದಿನವೂ ತಾನಾಗಿ ಆಗುವಂತೆ

ಹೊಸ ಕಡೆಗೆ ಹೋಗಲು ವಾರಗಟ್ಟಲೆ ಬೇಕಾಗಬಹುದು. ಅಲ್ಲಿಯವರೆಗೆ ಕ್ರಾನ್, ಅಂದರೆ ಸರ್ವರಿನ ವೇಳಾಪಟ್ಟಿ, ರಾತ್ರಿ ಓದುಗರು ಕಡಿಮೆ ಇರುವ ಹೊತ್ತಿಗೆ ಡಂಪ್ ತೆಗೆಯಲಿ. ಕಡತದ ಹೆಸರಿನಲ್ಲಿ ದಿನಾಂಕ ಸೇರಿಸಲು ಶೇಕಡಾ ಚಿಹ್ನೆ ಬಳಸಬೇಕಾಗುತ್ತದೆ. ಕ್ರಾನ್ ಸಾಲಿನಲ್ಲಿ ಆ ಚಿಹ್ನೆಗೆ ಬೇರೆ ಅರ್ಥವಿದೆ, ಅದಕ್ಕಿಂತ ಮೊದಲು ಒಂದು ಹಿಮ್ಮುಖ ಓರೆಗೆರೆ ಹಾಕಬೇಕು. ಕೈಯಿಂದ ಓಡಿಸಿದಾಗ ಸರಿಯಾಗಿದ್ದ ಆಜ್ಞೆ ಕ್ರಾನ್‌ನಲ್ಲಿ ಓಡುತ್ತಿಲ್ಲ ಎಂಬ ದೂರಿಗೆ ಇದು ಮೇಲಿಂದ ಮೇಲೆ ಸಿಗುವ ಕಾರಣ.

ಸರ್ವರ್ ತಾನೇ ಕ್ಲೌಡಿಗೆ ಕಳಿಸುವುದಕ್ಕಿಂತ ನಿಮ್ಮ ಯಂತ್ರ ಸರ್ವರಿನಿಂದ ಎಳೆದುಕೊಳ್ಳುವುದು ನನ್ನ ಆಯ್ಕೆ. ಸರ್ವರಿಗೆ ಕನ್ನ ಬಿದ್ದರೂ ಕಳ್ಳನ ಕೈಗೆ ಬ್ಯಾಕಪ್ ಖಾತೆಯ ಕೀಲಿ ಸಿಗುವುದಿಲ್ಲ. ಹಳೆಯ ಕಡತದ ಮೇಲೇ ಹೊಸದನ್ನು ಬರೆಯಬೇಡಿ. ಏಳು ದಿನಗಳ ಏಳು ಪ್ರತಿ, ನಾಲ್ಕು ವಾರಗಳ ನಾಲ್ಕು ಪ್ರತಿ ಇರಲಿ. ಹಾಳಾದ ಡೇಟಾಬೇಸಿನ ಪ್ರತಿಯೂ ಹಾಳಾಗಿಯೇ ಇರುತ್ತದೆ, ಅದು ಗೊತ್ತಾಗುವುದು ಮೂರು ದಿನ ಕಳೆದ ಮೇಲೆ.

ಡಂಪ್ ಸೋತರೆ ಇಮೇಲ್ ಬರಲಿ ಎಂದು ಸುಮ್ಮನಾಗುವುದೂ ಸಾಲದು. 2017ರ ಜನವರಿ 31ರಂದು ಪ್ರೋಗ್ರಾಮುಗಳ ಕಡತಗಳನ್ನು ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ತಾಣದ ಡೇಟಾಬೇಸ್ ತಪ್ಪಿ ಅಳಿಸಿಹೋದಾಗ ನಿತ್ಯದ ಡಂಪುಗಳು ಸೋಲುತ್ತಿದ್ದವೆಂದು ತಿಳಿದುಬಂತು. ಡಂಪ್ ಸಾಧನದ ಆವೃತ್ತಿ ಡೇಟಾಬೇಸಿನ ಆವೃತ್ತಿಗೆ ಹೊಂದುತ್ತಿರಲಿಲ್ಲ. ಸೋಲಿನ ಸೂಚನೆಯ ಇಮೇಲುಗಳು ತಿರಸ್ಕೃತವಾಗಿ ಯಾರನ್ನೂ ತಲುಪಿರಲಿಲ್ಲ. ಅದೃಷ್ಟಕ್ಕೆ ಬೇರೆ ಕಾರಣಕ್ಕೆ ತೆಗೆದಿಟ್ಟಿದ್ದ ಪ್ರತಿಯೊಂದಿತ್ತು, ಹಾಗಾಗಿ ಸುಮಾರು 6 ಗಂಟೆಗಳ ದತ್ತಾಂಶ ಮಾತ್ರ ಹೋಯಿತು. ವಾರಕ್ಕೊಮ್ಮೆ ನೀವೇ ಕಡತದ ಗಾತ್ರ ನೋಡಿ. ನಿನ್ನೆ 40 ಎಂಬಿ ಇದ್ದದ್ದು ಇಂದು ಕೆಲವೇ ಬೈಟ್ ಆಗಿದ್ದರೆ ಯಾವ ಇಮೇಲೂ ಬೇಕಿಲ್ಲ.

ಹಂತ 8: ಮನೆ ಬದಲಾಯಿಸುವ ದಿನ

ಒಂದೆರಡು ದಿನ ಮುಂಚೆಯೇ ಡಿಎನ್‌ಎಸ್ ದಾಖಲೆಯ ಟಿಟಿಎಲ್ ಅನ್ನು 300 ಸೆಕೆಂಡಿಗೆ ಇಳಿಸಿ. ಹಳೆಯ ವಿಳಾಸವನ್ನು ಜಗತ್ತು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಎಂಬ ಸೂಚನೆ ಅದು. ಆ ದಿನ ಹಳೆಯ ಸೈಟಿನಲ್ಲಿ ಹೊಸ ಪ್ರತಿಕ್ರಿಯೆ, ಆರ್ಡರುಗಳನ್ನು ನಿಲ್ಲಿಸಿ, ಕೊನೆಯ ಡಂಪ್ ತೆಗೆದು, ಹೊಸ ಕಡೆಗೆ ಸುರಿದು, ನಂತರ ವಿಳಾಸ ತಿರುಗಿಸಿ. ನಿಲ್ಲಿಸದೆ ಹೋದರೆ ನಡುವಿನ ಗಂಟೆಗಳಲ್ಲಿ ಬಂದದ್ದು ಹಳೆಯ ಮನೆಯಲ್ಲೇ ಉಳಿಯುತ್ತದೆ.

ಡೊಮೇನ್ ಹೆಸರೂ ಅದೇ ಕಂಪನಿಯಲ್ಲಿ ನೋಂದಣಿಯಾಗಿದ್ದರೆ ಅದನ್ನು ಬಿಡಿಸಿಕೊಳ್ಳುವುದು ಪ್ರತ್ಯೇಕ ಕೆಲಸ. ವರ್ಗಾವಣೆಯ ಸಂಕೇತವನ್ನು ಪ್ಯಾನೆಲ್ ತೆರೆಯುತ್ತಿರುವಾಗಲೇ ಪಡೆಯಿರಿ. ಡಾಟ್ ಕಾಮ್‌ನಂಥ ಹೆಸರುಗಳನ್ನು ನೋಂದಾಯಿಸಿದ ಮೊದಲ 60 ದಿನ ಸಾಮಾನ್ಯವಾಗಿ ವರ್ಗಾಯಿಸಲು ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಹೆಸರನ್ನು ಅಲ್ಲೇ ಬಿಟ್ಟು ನೇಮ್‌ಸರ್ವರ್ (ಡಿಎನ್‌ಎಸ್ ದಾಖಲೆಗಳನ್ನು ಹೇಳುವ ಸರ್ವರ್) ಮಾತ್ರ ಬದಲಾಯಿಸಿದರೂ ಸೈಟ್ ಹೊಸ ಮನೆಯಲ್ಲಿ ತೆರೆಯುತ್ತದೆ.

ಹಳೆಯ ಖಾತೆಯನ್ನು ಅಂದೇ ಮುಚ್ಚಬೇಡಿ, ಒಂದು ತಿಂಗಳು ಇರಲಿ. ಮುಚ್ಚುವ ಮುನ್ನ ಅಲ್ಲಿ ಉಳಿದ ಡಂಪ್ ಕಡತಗಳನ್ನೂ ಡೇಟಾಬೇಸನ್ನೂ ನೀವೇ ಅಳಿಸಿ, ಅಲ್ಲಿ ಬಳಸಿದ್ದ ಪಾಸ್‌ವರ್ಡ್ ಹೊಸ ಕಡೆಯಲ್ಲೂ ಇದ್ದರೆ ಬದಲಾಯಿಸಿ. ದೂರಿನ ಪತ್ರವನ್ನು ಈಗ ಬರೆಯಬಹುದು.